ಎಷ್ಟು ಬಣ್ಣ ಬಳಿದರೂ ಗೋಡೆ ಉದುರುತ್ತಿದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕೋದು ಹೇಗೆ?

ಬ್ರಹ್ಮಪುರದ ಮಗಳು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬ್ರಹ್ಮಪುರದಲ್ಲಿ ನಮ್ಮ ತವರುಮನೆ ಇದೆ. ಹಳೇ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಕಬ್ಬಿಣದ ಗರ್ಡರ್ ಇಟ್ಟು ಶಹಾಬಾದ್ ಫರ್ಸಿ ಹಾಸಿದ ಛತ್ತು. ಆಮೇಲೆ ಅಪ್ಪ ಅರ್ಧ ಛತ್ತಿನ ಮೇಲೆ ಆರ್‌ಸಿಸಿ ರೂಮು ಕಟ್ಟಿಸಿದರು.

ತೊಂದರೆ ಇರೋದು ನಡುಮನೆಯ ಓಣಿ ಕಡೆ ಗೋಡೆಗೆ. ನೆಲದಿಂದ ಮೊಣಕಾಲಿನವರೆಗೆ ಬಣ್ಣ ಉಬ್ಬಿ ಪದರ ಪದರವಾಗಿ ಬೀಳುತ್ತೆ. ಅದೇ ಗೋಡೆಯ ಮೇಲ್ಗಡೆ ಮೂಲೆಯಲ್ಲಿ ಚಹಾ ಬಣ್ಣದ ಕಲೆ. ಪುಟ್ಟಿ ಹಾಕಿಸಿದ್ದಾಯ್ತು, ಡ್ಯಾಂಪ್ ಪ್ರೂಫ್ ಅಂತ ಡಬ್ಬಿ ಮೇಲೆ ಬರೆದ ದುಬಾರಿ ಬಣ್ಣ ಬಳಿಸಿದ್ದಾಯ್ತು. ಉತ್ತರಿ ಮಳೆ ಹಿಡಿಯೋದರೊಳಗೆ ಮತ್ತೆ ಅದೇ ಕಥೆ.

ಅವ್ವ ತೊಗರಿ, ಜೋಳದ ಚೀಲಗಳನ್ನು ಆ ಗೋಡೆಗೇ ಒರಗಿಸಿ ಇಡುತ್ತಾಳೆ. ಈ ಸಲ ಕೆಳಗಿನ ಚೀಲ ಎತ್ತಿದರೆ ತಳ ಕಪ್ಪಾಗಿತ್ತು. ಗೋಣಿಯ ನೂಲು ಕೈಗೇ ಬಂತು, ಒಳಗೆ ಒಂದು ಬೊಗಸೆಯಷ್ಟು ಜೋಳ ಬೂಷ್ಟು ಹಿಡಿದು ಗಂಟು ಕಟ್ಟಿತ್ತು.

ಮೂವರನ್ನು ಕರೆಸಿ ತೋರಿಸಿದೆವು. ಒಬ್ಬರು ಗಿಲಾವು ಪೂರ್ತಿ ಕಿತ್ತು ಸಿಮೆಂಟ್ ಹಾಕಿಸಿ ಅಂತಾರೆ. ಇನ್ನೊಬ್ಬರು ಗೋಡೆಗೆ ತೂತು ಕೊರೆದು ಕೆಮಿಕಲ್ ಬಿಡೋಣ ಅಂತಾರೆ. ಮೂರನೆಯವರು ಛತ್ತಿಗೆ ಕೋಟಿಂಗ್ ಹೊಡೆದರೆ ಎಲ್ಲಾ ಸರಿಹೋಗುತ್ತೆ ಅಂತಾರೆ. ಮೂವರ ರೇಟೂ ಕೇಳಿದರೆ ತಲೆ ತಿರುಗುತ್ತೆ. ಯಾರ ಮಾತು ನಂಬಬೇಕು?

ಗೌಂಡಿ ಕಾಕಾ (ಶಹಾಬಾದ್)

ತಂಗಿ, ಮೂವರೂ ತಮ್ಮ ಹತ್ತಿರ ಇರೋ ಸಾಮಾನು ಮಾರುತ್ತಿದ್ದಾರೆ. ನೀರು ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಿಲ್ಲ. ಕೆಳಗಿನದೂ ಮೇಲಿನದೂ ಒಂದೇ ನೀರು ಅಂತ ತಿಳಿಯಬೇಡ. ಎರಡು ಬೇನೆಗೆ ಒಂದೇ ಗುಳಿಗೆ ಕೊಟ್ಟರೆ ಹೇಗೆ?

ಮೊದಲು ಇಷ್ಟು ಹೇಳು. ಕೆಳಗಿನ ತೇವ ಬೇಸಿಗೆಯಲ್ಲೂ ಇರುತ್ತಾ? ಮೇಲಿನ ಕಲೆ ಯಾವಾಗ ದೊಡ್ಡದಾಗುತ್ತೆ? ಗೋಡೆಯ ಆಚೆ ಏನಿದೆ, ನಳ, ಬಚ್ಚಲು, ಗಟಾರ? ಓಣಿಯ ರಸ್ತೆ ಮನೆಯ ನೆಲಕ್ಕಿಂತ ಎತ್ತರ ಇದೆಯಾ ತಗ್ಗು ಇದೆಯಾ? ಉದುರಿದ ಜಾಗದಲ್ಲಿ ಬಿಳಿ ಪುಡಿ ಇದೆಯಾ, ಕರೀ ಬೂಷ್ಟಾ? ಬಿಳಿ ಪುಡಿ ಮೇಲೆ ಎರಡು ಹನಿ ನೀರು ಬಿಡು. ಕರಗಿದರೆ ಉಪ್ಪು, ಕರಗದಿದ್ದರೆ ಬೂಷ್ಟು.

ಬ್ರಹ್ಮಪುರದ ಮಗಳು

ಕಾಕಾ, ಕೆಳಗಿನದು ಏಪ್ರಿಲ್‌ನಲ್ಲೂ ತಣ್ಣಗೇ ಇರುತ್ತೆ. ಬಿಳಿ ಪುಡಿ, ನೀರು ಬಿಟ್ಟರೆ ಕರಗಿತು. ಮೇಲಿನ ಕಲೆ ಜೋರು ಮಳೆ ಬಂದ ಮರುದಿನ ಅಗಲ ಆಗುತ್ತೆ, ಆಮೇಲೆ ಹಾಗೇ ಒಣಗುತ್ತೆ.

ಗೋಡೆಯ ಆಚೆ ಓಣಿ, ಗೋಡೆಗೆ ಹತ್ತಿಕೊಂಡೇ ಗಟಾರ. ನಾನು ಸಣ್ಣವಳಿದ್ದಾಗ ಬಾಗಿಲಿಗೆ ಮೂರು ಮೆಟ್ಟಿಲು ಇದ್ದವು. ಸಿಸಿ ರಸ್ತೆ ಮೇಲೆ ಸಿಸಿ ರಸ್ತೆ ಹಾಕಿ ಈಗ ಒಂದೇ ಉಳಿದಿದೆ. ಇನ್ನೊಂದು, ಹೊರಗಡೆ ಸೊಂಟದವರೆಗೆ ಟೈಲ್ಸ್ ಹಚ್ಚಿಸಿದ್ದೇವೆ, ಗಲೀಜು ಸಿಡಿಯಬಾರದು ಅಂತ.

ಗೌಂಡಿ ಕಾಕಾ

ಮೂರರಲ್ಲಿ ಒಂದು ಮೆಟ್ಟಿಲು ಉಳಿದಿದೆ ಅಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮೊದಲು ಬುನಾದಿಯ ಪಕ್ಕ ಹರಿಯುತ್ತಿದ್ದ ನೀರು ಈಗ ಗೋಡೆಯ ಪಕ್ಕ ಹರಿಯುತ್ತಿದೆ.

ಸೇಡಂ ರಸ್ತೆ ಸಿವಿಲ್ (ಕಲಬುರಗಿ)

ಕಾಕಾ ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಕಲ್ಲಿನ ಗೋಡೆಯ ಒಳಗೆ ಮಣ್ಣಿನ ಅಥವಾ ಸುಣ್ಣದ ಗಾರೆ ಇರುತ್ತೆ. ಈಗಿನ ಮನೆಗಳಲ್ಲಿ ಬುನಾದಿಗೂ ಗೋಡೆಗೂ ನಡುವೆ ತೇವ ತಡೆಯೋ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. ಆಗ ಅದು ಇರಲಿಲ್ಲ. ನೆಲದ ನೀರು ಗಾರೆಯ ಸಣ್ಣ ಸಣ್ಣ ರಂಧ್ರ ಹಿಡಿದು ತಾನಾಗೇ ಮೇಲೇರುತ್ತೆ. ಬರುವಾಗ ಮಣ್ಣಿನ ಉಪ್ಪನ್ನೂ ತರುತ್ತೆ. ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತೆ, ಉಪ್ಪು ಅಲ್ಲೇ ಹರಳುಗಟ್ಟುತ್ತೆ. ಹರಳು ಬೆಳೆಯುವಾಗ ಬಣ್ಣ, ಪುಟ್ಟಿ, ಗಿಲಾವು ಎಲ್ಲವನ್ನೂ ಹೊರಗೆ ನೂಕುತ್ತೆ. ಬಣ್ಣದ್ದಾಗಲಿ ಪೇಂಟರ್‌ದಾಗಲಿ ತಪ್ಪಿಲ್ಲ.

ಈಗ ಟೈಲ್ಸ್ ವಿಷಯ. ಮೊದಲು ಗೋಡೆ ಎರಡೂ ಕಡೆಯಿಂದ ಒಣಗುತ್ತಿತ್ತು. ಹೊರಗಡೆ ಟೈಲ್ಸ್ ಹಚ್ಚಿದ ಮೇಲೆ ಒಂದು ದಾರಿ ಮುಚ್ಚಿತು. ಒಳಗೆ ಡ್ಯಾಂಪ್ ಪ್ರೂಫ್ ಬಣ್ಣ ಬಳಿದ ಮೇಲೆ ಇನ್ನೊಂದೂ ಮುಚ್ಚಿತು. ಹೊರಬರಲು ಜಾಗ ಇಲ್ಲದ ನೀರು ಮತ್ತಷ್ಟು ಮೇಲೇರುತ್ತೆ. ಸಿಮೆಂಟ್ ಗಿಲಾವು ಹಾಕಿಸಿದರೂ ಅದೇ ಗತಿ. ಒಂದೆರಡು ವರ್ಷ ಚೆನ್ನಾಗಿ ಕಾಣುತ್ತೆ, ಆಮೇಲೆ ಮೊಣಕಾಲಿನ ಮಟ್ಟದ ಕಲೆ ಸೊಂಟದ ಮಟ್ಟಕ್ಕೆ ಬರುತ್ತೆ.

ನಂಬಿಕೆ ಬರದಿದ್ದರೆ ಖರ್ಚಿಲ್ಲದ ಪರೀಕ್ಷೆ ಇದೆ. ಉಬ್ಬಿದ ಬಣ್ಣ ಕೆರೆದು, ಗೋಡೆಯ ಮೈ ಒರೆಸಿ ಒಣಗಲು ಬಿಡಿ. ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಲ್ಲಿ ಗಟ್ಟಿಯಾಗಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಗೋಡೆ ಕಡೆ ಮುಖದಲ್ಲಿ ಹನಿ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಕೋಣೆ ಕಡೆ ಮುಖದಲ್ಲಿ ಇದ್ದರೆ ಕೋಣೆಯ ಗಾಳಿಯ ತೇವ, ಅಡುಗೆ ಆವಿ, ಒಳಗೆ ಒಣಹಾಕಿದ ಬಟ್ಟೆ ಇತ್ಯಾದಿ. ಜೊತೆಗೆ ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಮುಂದೆ ಯಾರಿಗೆ ಕೆಲಸ ಕೊಟ್ಟರೂ ಫಲ ಬಂತೋ ಇಲ್ಲವೋ ಆ ಗೆರೆಯೇ ಹೇಳುತ್ತೆ.

ಜೇವರ್ಗಿ ಕಾಲೋನಿ (ಕಲಬುರಗಿ)

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಪಕ್ಕದ ಮನೆಯಲ್ಲಿ ಕಿಟಕಿ ಕೆಳಗಿನ ಗೋಡೆ ಮಾತ್ರ ಪ್ರತಿ ವರ್ಷ ಹಾಳಾಗುತ್ತಿತ್ತು. ಅದೂ ಏಪ್ರಿಲ್, ಮೇ ತಿಂಗಳಲ್ಲಿ. ಮಳೆಯ ಸುಳಿವೇ ಇಲ್ಲ. ಪೈಪ್ ಒಡೆದಿದೆ ಅಂತ ನೆಲ ಅಗೆಸಿದರು, ಏನೂ ಸಿಗಲಿಲ್ಲ.

ಕಡೆಗೆ ನೋಡಿದರೆ ಕೂಲರ್! ನಮ್ಮೂರಲ್ಲಿ ಬೇಸಿಗೆಗೆ ಕೂಲರ್ ಹಗಲೂ ರಾತ್ರಿ ಓಡುತ್ತೆ. ಕಿಟಕಿಗೆ ಆನಿಸಿ ಇಟ್ಟಿದ್ದರು. ಹುಲ್ಲಿನ ಪ್ಯಾಡಿನಿಂದ ಜಿನುಗಿದ ನೀರು ಕಿಟಕಿಯ ಕಲ್ಲಿನ ಮೇಲೆ ಬಿದ್ದು ಗೋಡೆಯೊಳಗೆ ಇಳಿಯುತ್ತಿತ್ತು. ಕೂಲರ್ ಸ್ಟ್ಯಾಂಡನ್ನು ಗೋಡೆಯಿಂದ ಗೇಣು ದೂರ ಸರಿಸಿ, ಕಿಟಕಿಯ ಕಲ್ಲಿಗೆ ಹೊರಗೆ ಇಳಿಜಾರು ಕೊಟ್ಟರು. ಮುಗೀತು.

ಕೂಲರ್ ನೀರಿನಲ್ಲಿ ಉಪ್ಪು ಜಾಸ್ತಿ ಇರುತ್ತೆ ಅನ್ನೋದೂ ನೆನಪಿರಲಿ. ಬೋರ್ ನೀರು ಆವಿಯಾಗಿ ಆಗಿ ಉಳಿದದ್ದೇ ಅದು. ಗೋಡೆಗೆ ಅಷ್ಟೇ ಕೆಟ್ಟದ್ದು.

ಬ್ರಹ್ಮಪುರದ ಮಗಳು

ಅಣ್ಣ, ನಮ್ಮ ಕೂಲರ್ ಅಂಗಳದ ಕಡೆ ಇದೆ, ಆ ಗೋಡೆಗಲ್ಲ. ಆದ್ರೂ ಒಮ್ಮೆ ನೋಡ್ತೀನಿ.

ಬೀದರ್ ಕೆಂಪುಕಲ್ಲು (ಬೀದರ್)

ನಮ್ಮಲ್ಲಿ ಗೋಡೆ ಕಲ್ಲೇ ಬೇರೆ. ಹಳೇ ಬೀದರ್‌ನಲ್ಲಿ ಜಂಬಿಟ್ಟಿಗೆ ಕಲ್ಲು ಜಾಸ್ತಿ. ಕಡಿಯುವಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ. ಮೈ ತುಂಬ ತೂತು. ನೀರು ಕುಡಿಯುತ್ತೆ, ಬಿಡುತ್ತೆ. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಮೆತ್ತಿ ಸುಣ್ಣ ಬಳಿಯುತ್ತಿದ್ದರು. ಸುಣ್ಣ ನೀರನ್ನು ಹಿಡಿದಿಡೋದಿಲ್ಲ, ಒಣಗಲು ಬಿಡುತ್ತೆ. ಅಷ್ಟೂರಿನ ಬಹಮನಿ ಗುಂಬಜ್‌ಗಳಿಗೆ ಹೋದಾಗ ಗಾರೆಯ ಕೆಲಸ ಹತ್ತಿರದಿಂದ ನೋಡಿ. 15ನೇ ಶತಮಾನದ್ದು, ಎಷ್ಟೋ ಕಡೆ ಇನ್ನೂ ಗೋಡೆ ಬಿಟ್ಟಿಲ್ಲ. ನಮ್ಮ ಪುಟ್ಟಿ ಎರಡು ಮಳೆಗಾಲ ನಿಲ್ಲೋದಿಲ್ಲ.

ಅದಕ್ಕೇ ಹೇಳೋದು, ಅಕ್ಕಾ, ಗಿಲಾವು ಕೀಳಿಸಿದರೆ ಸಿಮೆಂಟ್ ಬೇಡ, ಸುಣ್ಣ ಹಾಕಿಸಿ.

ಸೂಪರ್ ಮಾರ್ಕೆಟ್ ಸಂಜೆ (ಕಲಬುರಗಿ)

ಸುಣ್ಣದ ಗಾರೆ ಮಾಡೋ ಗೌಂಡಿ ಈಗ ಎಲ್ಲಿ ಸಿಗ್ತಾರೆ ಸರ್? ಹೇಳೋದು ಸುಲಭ. ಕರೆದ ಗೌಂಡಿಗಳೆಲ್ಲ ಸಿಮೆಂಟ್ ಚೀಲ ತರಿಸಿ ಅಂತಾರೆ.

ಗೌಂಡಿ ಕಾಕಾ

ಸಿಗ್ತಾರೆ, ಆದರೆ ಅವಸರ ಮಾಡಬಾರದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಜರಡಿ ಹಿಡಿದು, ಕೆಲವು ವಾರ ನೀರಿನಲ್ಲೇ ಬಿಡಬೇಕು. ಇಲ್ಲದಿದ್ದರೆ ಅರಳದ ಹರಳು ಗೋಡೆಗೆ ಹೋದ ಮೇಲೆ ಅರಳಿ ಗಿಲಾವನ್ನು ಸಿಡಿಸುತ್ತೆ. ಅರಳಿಸುವಾಗ ಕುದಿಯುತ್ತೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಬಿಡಲೇಬೇಡಿ.

ಇನ್ನೊಂದು ಮಾತು. ಮೇ ತಿಂಗಳ ಬಿಸಿಲಿಗೆ ಸುಣ್ಣದ ಕೆಲಸ ಇಟ್ಟುಕೊಳ್ಳಬೇಡಿ. ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗಬೇಕಾದದ್ದು ಒಂದೇ ದಿನಕ್ಕೆ ಒಣಗಿ ಬಿರುಕು ಬಿಡುತ್ತೆ. ದೀಪಾವಳಿ ಆದ ಮೇಲೆ ಶಿವರಾತ್ರಿಯವರೆಗೆ ನಮ್ಮ ಕಡೆ ಒಳ್ಳೇ ಕಾಲ. ಆಗಲೂ ಒದ್ದೆ ಗೋಣಿತಟ್ಟು ಕಟ್ಟಿ ಕೆಲವು ದಿನ ಮೈ ತೇವ ಇಡಬೇಕು.

ಈಗ ಛತ್ತಿಗೆ ಬರೋಣ, ತಂಗಿ. ಗರ್ಡರ್ ಮೇಲೆ ಫರ್ಸಿ ಹಾಸಿದ ಛತ್ತು ಸೋರೋದು ಕಲ್ಲಿನಿಂದ ಅಲ್ಲ, ಸಂದಿಯಿಂದ. ನಮ್ಮ ಬಿಸಿಲಿಗೆ ಕಲ್ಲೂ ಕಬ್ಬಿಣವೂ ಹಗಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತವೆ. ಸಂದಿಯ ಗಾರೆ ಬಿಡುತ್ತೆ. ಒಳಗೆ ಇಳಿದ ನೀರು ಅಲ್ಲೇ ತೊಟ್ಟಿಕ್ಕೋದಿಲ್ಲ. ಗರ್ಡರ್ ಗುಂಟ ಹರಿದು, ಗರ್ಡರ್ ಗೋಡೆಗೆ ಕೂಡುವಲ್ಲಿ ಇಳಿಯುತ್ತೆ. ನಿನ್ನ ಚಹಾ ಬಣ್ಣದ ಕಲೆ ಮೂಲೆಯಲ್ಲಿದೆ ಅಂದ್ಯಲ್ಲ, ತೂತು ಅದರ ಮೇಲೆ ಇಲ್ಲದೆ ಎಂಟು ಹತ್ತು ಅಡಿ ಆಚೆ ಇರಬಹುದು. ಕಲೆಯಲ್ಲಿ ತುಕ್ಕಿನ ಕೆಂಪು ಇದ್ದರೆ ಗರ್ಡರ್ ಕಥೆ ಅಂತಲೇ ತಿಳಿ.

ನನಗೆ ಇನ್ನೂ ಜಾಸ್ತಿ ಅನುಮಾನ ಇರೋದು ಮೇಲೆ ಕಟ್ಟಿಸಿದ ಆರ್‌ಸಿಸಿ ರೂಮಿನ ಗೋಡೆ ಹಳೇ ಛತ್ತಿಗೆ ಕೂಡುವ ಜಾಗದ ಮೇಲೆ. ಹಳೇದೂ ಹೊಸದೂ ಒಟ್ಟಿಗೆ ಕೂಡೋದಿಲ್ಲ, ಗೆರೆ ಬಿಟ್ಟೇ ಬಿಡುತ್ತೆ. ಅಲ್ಲಿ ಬೆರಳು ಆಡಿಸಿ ನೋಡು.

ಸೂಪರ್ ಮಾರ್ಕೆಟ್ ಸಂಜೆ

ಛತ್ತಿನ ನೀರಿನ ದಾರಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ ನೋಡಿದರೆ ಗೊತ್ತಾಗುತ್ತಲ್ವಾ? ನಮ್ಮ ಅಪಾರ್ಟ್‌ಮೆಂಟಲ್ಲಿ ಹಾಗೇ ಮಾಡಿದರು.

ಸೇಡಂ ರಸ್ತೆ ಸಿವಿಲ್

ಗಟ್ಟಿ ಆರ್‌ಸಿಸಿ ಸ್ಲ್ಯಾಬಿಗೆ ಒಂದೆರಡು ಇಂಚು ನಿಲ್ಲಿಸಬಹುದು. ಹಳೇ ಫರ್ಸಿ ಛತ್ತಿಗೆ ದಯವಿಟ್ಟು ಬೇಡ. ಲೆಕ್ಕ ಹಾಕಿ. ಹತ್ತು ಅಡಿ ಹನ್ನೆರಡು ಅಡಿ ಕೋಣೆಯ ಮೇಲೆ ನಾಲ್ಕು ಇಂಚು ನೀರು ನಿಂತರೆ 1,100 ಕೆಜಿಗಿಂತ ಜಾಸ್ತಿ ಭಾರ. ಕೆಳಗೆ ತುಕ್ಕು ತಿಂದ ಗರ್ಡರ್. ಸೋರಿಕೆ ಹುಡುಕಲು ಹೋಗಿ ಛತ್ತೇ ಕೆಳಗೆ ಬರುತ್ತೆ. ಸೋರುತ್ತೆ ಅಂತ ವರ್ಷಾ ವರ್ಷಾ ಮೇಲೆ ಮೇಲೆ ಕಾಂಕ್ರೀಟ್ ಪದರ ಹಾಕಿಸುವವರಿಗೂ ಇದೇ ಮಾತು. ನಾನು ನೋಡಿದ ಹಳೇ ಮನೆಗಳಲ್ಲಿ ಸೋರಿಕೆಗಿಂತ ಈ ಭಾರವೇ ಭಯ ಹುಟ್ಟಿಸುತ್ತೆ.

ಮಳೆ ಇಲ್ಲದ ದಿನ ಕೊಡದಿಂದ ಸ್ವಲ್ಪ ಸ್ವಲ್ಪ ಜಾಗಕ್ಕೆ ನೀರು ಸುರಿಯಿರಿ. ತಗ್ಗಿನ ಕಡೆಯಿಂದ ಶುರುಮಾಡಿ ಎತ್ತರದ ಕಡೆ ಹೋಗಿ. ಎತ್ತರದಲ್ಲಿ ಮೊದಲು ಸುರಿದರೆ ನೀರು ಎಲ್ಲಾ ಕಡೆ ಹರಿದು ಏನೂ ತಿಳಿಯೋದಿಲ್ಲ. ಪ್ರತಿ ಸಲ ಅರ್ಧ ಗಂಟೆ ಕಾಯಿರಿ, ಒಬ್ಬರು ಕೆಳಗೆ ಕಲೆ ನೋಡುತ್ತಾ ಇರಲಿ.

ಜೇವರ್ಗಿ ಕಾಲೋನಿ

ಸಿಂಟೆಕ್ಸ್ ಟಾಕಿಯನ್ನೂ ನೋಡಿ. ನಳದ ನೀರು ದಿನಾ ಬರೋದಿಲ್ಲ, ಬಂದಾಗ ಎಲ್ಲರೂ ಮೋಟಾರ್ ಹಚ್ಚಿ ಮರೆಯುತ್ತಾರೆ. ಟಾಕಿ ತುಂಬಿ ಛತ್ತಿನ ಮೇಲೆ ಹರಿಯುತ್ತೆ. ಮಳೆ ವರ್ಷಕ್ಕೆ ನಾಲ್ಕು ತಿಂಗಳು, ಟಾಕಿ ನೀರು ಹನ್ನೆರಡು ತಿಂಗಳು! ರಾತ್ರಿ ಎಲ್ಲಾ ನಳ ಬಂದ್ ಮಾಡಿ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ.

ಭೀಮಾ ದಂಡೆ (ಅಫಜಲಪುರ ತಾಲೂಕು)

ನಿಮ್ಮ ಕಡೆ ನೀರು ಸೋರುತ್ತೆ. ನಮ್ಮ ಕಡೆ ಹೊಳೆಯೇ ಮನೆಯೊಳಗೆ ಬರುತ್ತೆ. ಹುಡುಕೋ ಪ್ರಶ್ನೆಯೇ ಇಲ್ಲ.

ನಮ್ಮೂರಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಪ್ರವಾಹ ಬರುತ್ತೆ. ಸೊಲ್ಲಾಪುರ ಜಿಲ್ಲೆಯ ಉಜ್ಜನಿ ಡ್ಯಾಂ ತುಂಬಿ ಬಿಟ್ಟರೆ ಸೊನ್ನ ಬ್ಯಾರೇಜ್ ದಾಟಿ ನಮ್ಮ ಮೇಲೆ. 2020ರ ಅಕ್ಟೋಬರ್ ಮರೆಯೋ ಹಾಗಿಲ್ಲ. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಬಂತು. ನೀರು ಇಳಿದ ಮೇಲೆ ಬಾಗಿಲು ತೆಗೆದರೆ ಫ್ರಿಜ್ ಅಡುಗೆಮನೆಯಿಂದ ತೇಲಿ ಬಂದು ನಡುಮನೆಯ ಬಾಗಿಲಿಗೆ ಅಡ್ಡ ಬಿದ್ದಿತ್ತು. ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ, ಮೇಲಿನ ಮೊಳೆಗೆ ಕ್ಯಾಲೆಂಡರ್ ಒಣಗೇ ನೇತಾಡುತ್ತಿತ್ತು.

ಹೊಳೆದಂಡೆಯವರಿಗಾಗಿ ಹೇಳುತ್ತೇನೆ. ಮೊದಲ ದಿನ ಒಳಗೆ ಹೋಗೋ ಮುಂಚೆ ಹೊರಗಿನಿಂದ ಗೋಡೆ ನೋಡಿ. ಮಣ್ಣಿನ ಗೋಡೆ ಎಷ್ಟೋ ಸಲ ನೀರಲ್ಲಿ ನಿಂತಾಗ ಬೀಳದೆ, ನೀರು ಇಳಿದ ಮೇಲೆ ಬೀಳುತ್ತೆ. ಉಬ್ಬಿದ್ದರೆ, ವಾಲಿದ್ದರೆ ಅಲ್ಲಿ ಮಲಗಬೇಡಿ, ಎಷ್ಟೇ ಕಷ್ಟ ಆದರೂ. ಸಾಮಾನು ಎತ್ತುವಾಗ ಕೈ ಹಾಕಬೇಡಿ, ಕೋಲಿನಿಂದ ಸರಿಸಿ. ಹಾವು, ಚೇಳು ನಮಗಿಂತ ಮುಂಚೆ ಬಂದು ಕೂತಿರುತ್ತವೆ. ಕೆಸರನ್ನು ಹಸಿ ಇರುವಾಗಲೇ ಸಲಿಕೆಯಿಂದ ಹೊರಹಾಕಿ. ಎರೆಮಣ್ಣು ಒಣಗಿತು ಅಂದರೆ ಹಾರೆ ಬೇಕಾಗುತ್ತೆ.

ಹೊಳೆ ನೀರು ಕುಡಿದ ಜೋಳ, ತೊಗರಿ ಬಿಡಿ. ಒಣಗಿಸಿ ದನಕ್ಕೆ ಹಾಕೋಣ ಅನಿಸುತ್ತೆ. ಬೂಷ್ಟಿನ ವಿಷ ಒಣಗಿಸಿದರೂ ಬೇಯಿಸಿದರೂ ಹೋಗೋದಿಲ್ಲ, ದನಕ್ಕೂ ಬೇಡ.

ಕರೆಂಟ್ ತಮ್ಮಣ್ಣ (ಯಾದಗಿರಿ)

ಭೀಮಾ ದಂಡೆ ಅಣ್ಣ ಒಂದು ಮಾತು ಬಿಟ್ಟರು. ನೀರು ಸ್ವಿಚ್ ಬೋರ್ಡಿನವರೆಗೆ ಬಂದಿದ್ದರೆ ಮೇನ್ ಆಫ್ ಮಾಡಿದೆ ಅಂತ ಸುಮ್ನೆ ಒಳಗೆ ಹೋಗಬೇಡಿ. ಇನ್ವರ್ಟರ್ ಇದೆಯಲ್ಲ! ಬೀದಿಯ ಕರೆಂಟ್ ಹೋದ ಕೂಡಲೇ ಅದೇ ಮನೆ ವೈರಿಗೆ 230 ವೋಲ್ಟ್ ಕೊಡುತ್ತೆ. ಸೋಲಾರ್ ಇದ್ದವರೂ ಹಾಗೇ. ಅದನ್ನೂ ಬೇರೆಯಾಗಿ ಬಂದ್ ಮಾಡಬೇಕು. ಮೀಟರಿನ ಹತ್ತಿರ ಹೋಗಲು ನೀರಿನಲ್ಲಿ ನಿಲ್ಲಬೇಕಾದರೆ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ ಕಂಬದಿಂದಲೇ ತೆಗೆಸಿ.

ಸೋರೋ ಗೋಡೆಯವರಿಗೂ ಹೇಳ್ತೀನಿ. ತೇವದ ಗೋಡೆಯ ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ನಕ್ಕು ಬಿಡುವವರು ಬಹಳ. ಎಂಸಿಬಿ ಇದೆ ಅಂತ ಧೈರ್ಯ. ಎಂಸಿಬಿ ಬೀಳೋದು ವೈರಿಗೆ ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ. ನಿಮ್ಮ ಮೈಮೇಲೆ ಹರಿಯೋ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಜೀವ ಉಳಿಸೋಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗೇ ಬಂದ್ ಮಾಡೋ ಸ್ವಿಚ್ ಬೇಕು. ಹಳೇ ಮನೆಗೆ ಮೊದಲು ಅದನ್ನು ಹಾಕಿಸಿ, ಬಣ್ಣ ಆಮೇಲೆ.

ಗುಂಪಾ ರಸ್ತೆ ತಾಯಿ (ಬೀದರ್)

ನಮ್ಮದು ಬಾಡಿಗೆ ಫ್ಲ್ಯಾಟ್. ಬಚ್ಚಲಿನ ಆಚೆ ಗೋಡೆಗೆ ಬೀರು ಇದೆ, ಅದರ ಹಿಂದೆ ಕಪ್ಪು ಬೂಷ್ಟು. ಮಗನಿಗೆ ರಾತ್ರಿ ಕೆಮ್ಮು. ಬ್ಲೀಚಿಂಗ್ ಪುಡಿ, ಟಾಯ್ಲೆಟ್ ಆಸಿಡ್ ಎರಡೂ ಸೇರಿಸಿ ತಿಕ್ಕಿದರೆ ಪೂರ್ತಿ ಹೋಗುತ್ತೆ ಅಂತ ಕೆಲಸದವಳು ಹೇಳ್ತಾಳೆ. ಮಾಡಬಹುದಾ?

ಸೇಡಂ ರಸ್ತೆ ಸಿವಿಲ್

ಅಕ್ಕಾ, ಖಂಡಿತ ಬೇಡ! ಬ್ಲೀಚಿಂಗ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ. ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಸೋಪಿನ ನೀರಲ್ಲಿ ತಿಕ್ಕಿ ಒರೆಸಿ, ಒಣಗಿಸಿ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ, ಒಣ ಪೊರಕೆಯಿಂದ ಕೆರೆಯಬೇಡಿ, ಪುಡಿ ಹಾರುತ್ತೆ. ಆ ಹೊತ್ತಿಗೆ ಮಗ ಬೇರೆ ಕೋಣೆಯಲ್ಲಿರಲಿ. ಕೆಮ್ಮು ನಿಲ್ಲದಿದ್ದರೆ ಡಾಕ್ಟರಿಗೆ ಬೂಷ್ಟಿನ ವಿಷಯವನ್ನೂ ಹೇಳಿ. ಬೀರನ್ನು ಗೋಡೆಯಿಂದ ಸರಿಸಿ ಇಡಿ. ಆದರೆ ನೀರು ಬರುತ್ತಾ ಇದ್ದರೆ ಬೂಷ್ಟು ಮತ್ತೆ ಬರುತ್ತೆ. ಬಚ್ಚಲಿನ ಟೈಲ್ಸ್ ಸಂದಿ ಮತ್ತು ನೀರು ಇಳಿಯೋ ಜಾಲರಿಯ ಸುತ್ತ ನೋಡಿ, ಬಹಳ ಸಲ ತೂತು ಅಲ್ಲೇ ಇರುತ್ತೆ. ಅದನ್ನು ಸರಿ ಮಾಡಿಸೋದು ಮಾಲೀಕರ ಕೆಲಸ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಬಾಯಿಮಾತು ಬೇಡ.

ಹುಮನಾಬಾದ್ ರಸ್ತೆ ಲೇಔಟ್ (ಕಲಬುರಗಿ)

ನಮ್ಮದು ಹೊಸ ಮನೆ, ಆದ್ರೂ ಕಿಟಕಿಯ ಮೂಲೆಯಿಂದ ಓರೆ ಬಿರುಕು. ಮಳೆಗಾಲದಲ್ಲಿ ಅಲ್ಲಿಂದಲೇ ನೀರು. ತುಂಬಿಸಿದರೆ ಬೇಸಿಗೆಯಲ್ಲಿ ಮತ್ತೆ ಬಾಯಿ ಬಿಡುತ್ತೆ.

ಗೌಂಡಿ ಕಾಕಾ

ಎರೆಮಣ್ಣಿನ ಆಟ ಅದು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಮನೆ ಅದರ ಜೊತೆ ಏಳುತ್ತೆ ಕೂರುತ್ತೆ. ಬಿರುಕಿಗೆ ಸಿಮೆಂಟ್ ತುಂಬೋದು ದಂಡ, ಹಿಗ್ಗಿ ಕುಗ್ಗುವ ಸೀಲಂಟ್ ಹಾಕಿಸಿ. ಮಣ್ಣಿನ ತೇವ ವರ್ಷವಿಡೀ ಒಂದೇ ಸಮ ಇರೋ ಹಾಗೆ ನೋಡಬೇಕು. ಮನೆ ಸುತ್ತ ಮೂರು ನಾಲ್ಕು ಅಡಿ ಫರ್ಸಿ ಹಾಸಿ ಹೊರಗೆ ಇಳಿಜಾರು ಕೊಡಿ. ಗೋಡೆ ಬುಡದಲ್ಲಿ ಗಿಡಕ್ಕೆ ಪೈಪ್ ಬಿಟ್ಟು ಕೂರಬೇಡಿ, ದೊಡ್ಡ ಮರ ಹಚ್ಚಬೇಡಿ. ಬಿರುಕು ಬೆರಳು ಹೋಗುವಷ್ಟು ಆದರೆ ಎಂಜಿನಿಯರ್‌ಗೆ ತೋರಿಸಿ, ಗೌಂಡಿ ಕೆಲಸ ಅಲ್ಲ.

ವಡಗೇರಾ ಮೇಷ್ಟ್ರು (ಯಾದಗಿರಿ ಜಿಲ್ಲೆ)

ಕಾಗದಪತ್ರದ ಬಗ್ಗೆ ಯಾರೂ ಬರೆದಿಲ್ಲ. ಪ್ರವಾಹ ಬಂದ ವರ್ಷ ಶಾಲೆಯ ದಾಖಲೆ, ಊರವರ ಮಾರ್ಕ್ಸ್ ಕಾರ್ಡ್ ಎಲ್ಲಾ ಬಿಸಿಲಿಗೆ ಹರಡಿದ್ದನ್ನು ನೋಡಿದ್ದೇನೆ. ಸುಡು ಬಿಸಿಲು ಬೇಡ, ಹಾಳೆ ಸುರುಟುತ್ತೆ, ಶಾಯಿ ಮಾಸುತ್ತೆ. ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ನಡುನಡುವೆ ಖಾಲಿ ಬಿಳಿ ಹಾಳೆ ಇಟ್ಟು ಬದಲಿಸುತ್ತಿರಿ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ರಾಶಿ ದೊಡ್ಡದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಂಬಂಧಿಕರ ಮನೆಯ ಫ್ರೀಜರ್‌ನಲ್ಲಿ ಇಡಿ. ನಗಬೇಡಿ! ಹೆಪ್ಪುಗಟ್ಟಿದರೆ ಬೂಷ್ಟು ಬೆಳೆಯೋದಿಲ್ಲ, ಪುರುಸೊತ್ತಾದಾಗ ಸ್ವಲ್ಪ ಸ್ವಲ್ಪ ತೆಗೆದು ಒಣಗಿಸಬಹುದು. ಮದುವೆ ಫೋಟೋಗಳನ್ನು ಒಳ್ಳೇ ನೀರಲ್ಲಿ ಅದ್ದಿ, ಚಿತ್ರ ಮುಟ್ಟದೆ, ಮುಖ ಮೇಲಾಗಿ ಒಣಗಿಸಿ.

ಖರೀದಿ ಪತ್ರ ಹೋಯಿತು ಅಂತ ಗಾಬರಿ ಬೇಡ, ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತೆ.

ಭೀಮಾ ದಂಡೆ

ಮೇಷ್ಟ್ರೇ, ಒಳ್ಳೇದು ನೆನಪು ಮಾಡಿದಿರಿ. ಪರಿಹಾರದ ವಿಷಯವೂ ಹಾಗೇ. ಸ್ವಚ್ಛ ಮಾಡೋ ಮುಂಚೆ ಫೋಟೋ, ವಿಡಿಯೋ. ಗೋಡೆಯ ಮೇಲಿನ ಕೆಸರಿನ ಗೆರೆ ಕಾಣಬೇಕು, ಮನೆ ನಂಬರ್ ಕಾಣಬೇಕು. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಿ ಪಟ್ಟಿಗೆ ಸೇರಿಸಬೇಕು. ಬರದಿದ್ದರೆ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. 2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1,20,000 ರೂಪಾಯಿ. ಭಾಗಶಃ ಹಾನಿಗೆ, ಕನಿಷ್ಠ ಶೇ. 15ರಷ್ಟು ಹಾಳಾಗಿದ್ದರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದರಲ್ಲಿ ಗಿಲಾವಿನ ಕೂಲಿಯೂ ಆಗೋದಿಲ್ಲ, ಆದರೂ ಬಿಡಬೇಡಿ.

ಸೂಪರ್ ಮಾರ್ಕೆಟ್ ಸಂಜೆ

ಮನೆಗೆ ವಿಮೆ ಮಾಡಿಸಿದರೆ ಈ ಸೋರಿಕೆಗೆಲ್ಲಾ ದುಡ್ಡು ಸಿಗುತ್ತಾ?

ಸೇಡಂ ರಸ್ತೆ ಸಿವಿಲ್

ಪ್ರವಾಹಕ್ಕೆ ಸಿಗುತ್ತೆ, ಸೋರಿಕೆಗೆ ಸಿಗೋದಿಲ್ಲ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಭಾರತ್ ಗೃಹ ರಕ್ಷಾ ಅನ್ನೋ ಒಂದೇ ನಮೂನೆಯ ಪಾಲಿಸಿ ಕೊಡಬೇಕು. ಬಿರುಗಾಳಿ, ಪ್ರವಾಹ, ಟಾಕಿ ಅಥವಾ ಪೈಪ್ ಒಡೆದು ಆದ ಹಾನಿ ಅದರಲ್ಲಿ ಸೇರಿದೆ. ವರ್ಷಗಟ್ಟಲೆ ನಿಧಾನಕ್ಕೆ ಹಾಳಾದದ್ದು ಸೇರಿಲ್ಲ. ಬ್ರಹ್ಮಪುರದ ಗೋಡೆಗೆ ನಯಾಪೈಸೆ ಬರೋದಿಲ್ಲ, ಹೊಳೆದಂಡೆಯ ಮನೆಗೆ ಬರುತ್ತೆ. ಹೊಳೆದಂಡೆಯವರು ಮಾಡಿಸೋದೇ ಇಲ್ಲ ಅನ್ನೋದು ಬೇರೆ ಮಾತು.

ಬ್ರಹ್ಮಪುರದ ಮಗಳು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದೆವು. ಗೋಡೆ ಕಡೆ ಮುಖ ಪೂರ್ತಿ ಹನಿ, ಕೋಣೆ ಕಡೆ ಒಣಗಿದೆ. ಛತ್ತಿನ ಮೇಲೆ ಕೊಡದ ಪರೀಕ್ಷೆ ಮಾಡಿದಾಗ ಕಾಕಾ ಹೇಳಿದ ಜಾಗದಲ್ಲೇ, ಹೊಸ ರೂಮಿನ ಗೋಡೆ ಹಳೇ ಛತ್ತಿಗೆ ಕೂಡುವಲ್ಲಿ ಸುರಿದಾಗ ಕೆಳಗೆ ಮೂಲೆ ಒದ್ದೆಯಾಯ್ತು. ಆ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತು, ಪುಟಾಣಿ ಗಿಡ, ಬೇರು ಮಾತ್ರ ನನ್ನ ಕಿರುಬೆರಳಿನಷ್ಟು ದಪ್ಪ.

ಈಗ ಯಾವ ಕೆಲಸ ಮೊದಲು? ಕೆಮಿಕಲ್ ಬಿಡಿಸೋದು ಪೂರ್ತಿ ಬೇಡವಾ? ತಮ್ಮ ಅದಕ್ಕೇ ಹಟ ಹಿಡಿದಿದ್ದಾನೆ.

ಸೇಡಂ ರಸ್ತೆ ಸಿವಿಲ್

ಒತ್ತಾದ ಇಟ್ಟಿಗೆ ಗೋಡೆಗೆ ಅದು ಕೆಲಸ ಮಾಡುತ್ತೆ. ನಿಮ್ಮದು ಎರಡು ಮುಖ ಕಲ್ಲು, ನಡುವೆ ಚೂರುಕಲ್ಲು ಮಣ್ಣು ತುಂಬಿದ ಗೋಡೆ. ಔಷಧ ಒಂದೇ ಸಮನೆ ಹರಡೋದಿಲ್ಲ, ಪೊಳ್ಳಿನಲ್ಲಿ ಇಳಿದು ಹೋಗುತ್ತೆ. ಅದಕ್ಕೆ ಕೊಡೋ ದುಡ್ಡನ್ನು ಗಟಾರ ಸರಿ ಮಾಡಿಸೋಕೆ ಹಾಕಿ.

ಬೀದರ್ ಕೆಂಪುಕಲ್ಲು

ನಮ್ಮ ಅಣ್ಣನ ಇಟ್ಟಿಗೆ ಮನೆಗೆ ಅದೇ ಕೆಮಿಕಲ್‌ನಿಂದ ಗುಣ ಕಂಡಿದೆ, ಪೂರ್ತಿ ಮೋಸ ಅಂತ ಹೇಳೋಕಾಗೋದಿಲ್ಲ. ಆದರೆ ಕಲ್ಲಿನ ಗೋಡೆಗೆ ನಾನೂ ಹಾಕಿಸೋದಿಲ್ಲ.

ಗೌಂಡಿ ಕಾಕಾ

ತಂಗಿ, ಅರಳಿ ಗಿಡವನ್ನು ಸುಮ್ನೆ ಮುರಿಯಬೇಡ, ಮತ್ತೆ ಚಿಗುರುತ್ತೆ. ಸಂದಿಯ ಗಾರೆ ಬಿಡಿಸಿ ಬೇರು ಸಮೇತ ತೆಗೆಸು. ಆಮೇಲೆ ಸಂದಿ ತೊಳೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಗೋಡೆಯೂ ಛತ್ತೂ ಕೂಡೋ ಮೂಲೆಗೆ ದುಂಡಗೆ ಗೋಲಾ ಕಟ್ಟಿಸು. ಚೌಕ ಮೂಲೆಯಲ್ಲಿ ನೀರು ನಿಲ್ಲುತ್ತೆ, ದುಂಡು ಮೂಲೆಯಲ್ಲಿ ಜಾರುತ್ತೆ. ಸದ್ಯಕ್ಕೆ, ಮಳೆ ಮುಗಿಯೋವರೆಗೆ, ಅಲ್ಲಿ ತಾಡಪಾಲು ಹೊದಿಸು ಸಾಕು.

ಕೆಳಗಿನ ಗೋಡೆಗೆ ಗಟಾರವೇ ಮೊದಲು. ಗೋಡೆಗೆ ಹತ್ತಿದ ಕಡೆ ಒಡೆದಿರುತ್ತೆ. ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ, ಓಣಿಯವರೆಲ್ಲ ಸೇರಿ ಸಹಿ ಮಾಡಿದರೆ ಬೇಗ ಆಗುತ್ತೆ, ಆ ಗಟಾರ ನಿಮ್ಮೊಬ್ಬರ ಗೋಡೆಯನ್ನೇ ತಿನ್ನುತ್ತಿಲ್ಲ. ಹೊರಗಿನ ಟೈಲ್ಸ್ ಕೀಳಿಸಿ. ಒಳಗೆ ಉಪ್ಪು ಹಿಡಿದ ಗಿಲಾವನ್ನು ತೇವದ ಗೆರೆಗಿಂತ ಎರಡು ಅಡಿ ಮೇಲಿನವರೆಗೂ ಕೆರೆಸಿ, ಪುಡಿಯನ್ನು ಮನೆಯ ಹತ್ತಿರ ಸುರಿಯಬೇಡಿ. ಆಮೇಲೆ ಗೋಡೆಯನ್ನು ಬರೀ ಮೈಯಲ್ಲಿ ಬಿಡಿ.

ಬ್ರಹ್ಮಪುರದ ಮಗಳು

ಎಷ್ಟು ದಿನ ಕಾಕಾ? ಡಿಸೆಂಬರ್‌ನಲ್ಲಿ ತಮ್ಮನ ಲಗ್ನ ಇದೆ. ಬೀಗರು ಬರೋ ಹೊತ್ತಿಗೆ ಗೋಡೆ ಹಾಗೇ ಇದ್ದರೆ ಅವ್ವ ನನ್ನನ್ನು ಬಿಡೋದಿಲ್ಲ.

ಸೇಡಂ ರಸ್ತೆ ಸಿವಿಲ್

ಅಂದಾಜಿಗೆ ಒಂದು ಇಂಚು ದಪ್ಪ ಒಣಗಲು ಒಂದು ತಿಂಗಳು ಅಂತಾರೆ. ನಿಮ್ಮದು ಒಂದೂವರೆ ಅಡಿ ಗೋಡೆ ಇರಬೇಕು. ಎರಡೂ ಕಡೆಯಿಂದ ಒಣಗಿದರೂ ಮುಂದಿನ ಬೇಸಿಗೆ ಪೂರ್ತಿ ಬೇಕು. ಡಿಸೆಂಬರ್‌ಗೆ ಪುಟ್ಟಿ ಬಣ್ಣ ಮಾಡಿಸಿದರೆ ಯುಗಾದಿಗೆ ಉದುರುತ್ತೆ.

ಗೌಂಡಿ ಕಾಕಾ

ಲಗ್ನಕ್ಕೆ ತೆಳು ಸುಣ್ಣ ಬಳಿದುಬಿಡು. ತೇವ ಇದ್ದರೂ ತೊಂದರೆ ಇಲ್ಲ, ಉದುರಿದರೆ ಪೊರಕೆಯಿಂದ ಒರೆಸಿ ಮತ್ತೊಂದು ಕೈ ಬಳಿಯಬಹುದು. ಬೀಗರು ಗೋಡೆ ನೋಡೋಕೆ ಬರ್ತಾರಾ? ಬೇಕಿದ್ದರೆ ಗೋಡೆಯಿಂದ ಒಂದು ಗೇಣು ಬಿಟ್ಟು ಪರದೆ ಕಟ್ಟು, ಗಾಳಿ ಆಡಬೇಕು. ಚೀಲಗಳನ್ನು ಕಲ್ಲಿನ ಮೇಲೆ ಹಲಗೆ ಇಟ್ಟು, ಬೇರೆ ಗೋಡೆಯ ಕಡೆ ಇಡಲು ಅವ್ವನಿಗೆ ಹೇಳು.

ಹುಮನಾಬಾದ್ ರಸ್ತೆ ಲೇಔಟ್

ಕಾಕಾ, ಕಡೆಗೆ ಒಂದು. ಛತ್ತಿನ ಕೋಟಿಂಗ್ ಯಾವ ತಿಂಗಳಲ್ಲಿ ಹೊಡೆಸಬೇಕು? ಅಂಗಡಿಯವರು ಈಗಲೇ ಆಫರ್ ಇದೆ ಅಂತಾರೆ.

ಗೌಂಡಿ ಕಾಕಾ

ಡಬ್ಬಿ ಈಗ ತಗೊಳ್ಳಿ, ಕೆಲಸ ಈಗ ಬೇಡ. ಒದ್ದೆ ಸ್ಲ್ಯಾಬಿನ ಮೇಲೆ ಹೊಡೆದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತೆ. ಫೆಬ್ರವರಿ, ಮಾರ್ಚ್ ಒಳ್ಳೇದು. ಮೇ ತಿಂಗಳಲ್ಲಿ ಮಾಡಲೇಬೇಕಾದರೆ ಬೆಳಗ್ಗೆ ಬಿಸಿಲು ಏರೋ ಮುಂಚೆ ಮುಗಿಸಿ, ಮಧ್ಯಾಹ್ನದ ಕಾದ ಸ್ಲ್ಯಾಬಿಗೆ ಹಚ್ಚಿದರೆ ಕುಂಚ ಎತ್ತೋದರೊಳಗೆ ಒಣಗಿ ಹಿಡಿಯೋದಿಲ್ಲ. ಬಿಳಿ ಬಣ್ಣದ್ದೇ ತಗೊಳ್ಳಿ, ಮನೆಯೂ ತಂಪಿರುತ್ತೆ. ಡಬ್ಬಿಯ ಮೇಲೆ ತಯಾರಿಸಿದ ತಾರೀಖು ನೋಡಿ, ಆಫರ್ ಇರೋದು ಸಾಮಾನ್ಯವಾಗಿ ಹಳೇ ಸ್ಟಾಕಿಗೆ.